ಶಾಸ್ತ್ರವಾಕ್ಯವೂ ಅದು ಹುಟ್ಟಿದ ಕಾಲವೂ: ಸಲ್ಲೇಖನೆಯ ಕುರಿತು ಒಂದು ವಿಚಾರ

ಯಾವ ಶಾಸ್ತ್ರವಾಕ್ಯವೂ ಶೂನ್ಯದಲ್ಲಿ ಹುಟ್ಟುವುದಿಲ್ಲ. ಅದನ್ನು ನುಡಿದ ಆಚಾರ್ಯರ ಮುಂದೆ ಒಂದು ಸಮಾಜವಿರುತ್ತದೆ. ಆ ಸಮಾಜದಲ್ಲಿ ರೂಢಿಗಳಿರುತ್ತವೆ. ಆ ರೂಢಿಗಳಲ್ಲಿ ಕೆಲವನ್ನು ಒಪ್ಪಿ, ಕೆಲವನ್ನು ತಿದ್ದಿ, ಕೆಲವನ್ನು ನಿರಾಕರಿಸಿ ಆಚಾರ್ಯರು ಮಾತನಾಡುತ್ತಾರೆ. ಕೇಳುವವರಿಗೆ ಅಂದು ತಾನಾಗಿಯೇ ತಿಳಿದಿದ್ದ ಈ ಹಿನ್ನೆಲೆಯು ಸಾವಿರ ವರ್ಷಗಳ ಬಳಿಕ ಓದುವವರಿಗೆ ಕಾಣದೆ ಹೋಗುತ್ತದೆ. ಉಳಿಯುವುದು ಅಕ್ಷರ ಮಾತ್ರ. ಬರಿಯ ಅಕ್ಷರವನ್ನು ಹಿಡಿದು ನಿಂದಿಸುವವರೂ ಅದನ್ನೇ ಹಿಡಿದು ಹೊಗಳುವವರೂ ಒಂದೇ ತಪ್ಪನ್ನು ಮಾಡುವ ಸಂಭವವುಂಟು.

ಹೀಗೆ ಹಿನ್ನೆಲೆಯೊಡನೆ ಓದುವುದು ಹೊರಗಿನವರಿಂದ ಎರವಲು ತಂದ ಪದ್ಧತಿಯೆಂದು ಭಾವಿಸಬೇಕಾಗಿಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡದೆ ಯಾವ ವಸ್ತುವನ್ನೂ ನಿರ್ಣಯಿಸಲಾಗದೆಂಬುದು ಜೈನದರ್ಶನದ ಮೊದಲ ಪಾಠ. ಒಂದು ಶಬ್ದಕ್ಕೆ ಎಷ್ಟು ಬಗೆಯ ಅರ್ಥಗಳಿವೆ, ಪ್ರಕೃತದಲ್ಲಿ ಯಾವುದು ಗ್ರಾಹ್ಯವೆಂದು ನಿಕ್ಷೇಪದಿಂದ ಪರೀಕ್ಷಿಸಿ, ಯಾವ ದೃಷ್ಟಿಯಿಂದ ಮಾತು ಹೊರಟಿದೆಯೆಂದು ನಯದಿಂದ ವಿಚಾರಿಸಿ, ಅನಂತರವೇ ಅರ್ಥ ಹೇಳಬೇಕೆಂಬುದು ನಮ್ಮ ಟೀಕಾಕಾರರ ಕ್ರಮ. ಧವಲಾ ಟೀಕೆಯನ್ನು ತೆರೆದವರಿಗೆ ಈ ಶಿಸ್ತು ಪುಟಪುಟದಲ್ಲಿಯೂ ಕಾಣುತ್ತದೆ. ಅದೇ ಶಿಸ್ತನ್ನು ಇಂದು ಬಹಳ ಚರ್ಚೆಗೆ ಒಳಗಾಗಿರುವ ಸಲ್ಲೇಖನೆಯ ವಿಷಯಕ್ಕೆ ಅನ್ವಯಿಸಿ ನೋಡುವುದು ಉಚಿತ.

ಎರಡು ಬಗೆಯ ಓದು

2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ಅಥವಾ ಸಲ್ಲೇಖನೆಯನ್ನು ಆತ್ಮಹತ್ಯೆಯೆಂದು ಪರಿಗಣಿಸಿ, ಅಂದಿನ ಭಾರತೀಯ ದಂಡಸಂಹಿತೆಯ 306 ಮತ್ತು 309ನೆಯ ಕಲಮುಗಳ ವ್ಯಾಪ್ತಿಗೆ ಅದನ್ನು ತಂದಿತು. ಅದು ಜೈನಧರ್ಮದ ಅತ್ಯಗತ್ಯ ಆಚರಣೆಯೆಂದು ಸಿದ್ಧವಾಗಿಲ್ಲವೆಂಬುದು ತೀರ್ಪಿನ ಒಂದು ಮುಖ್ಯ ಮಾತಾಗಿತ್ತು. ಅದೇ ತಿಂಗಳು ದೇಶದ ಅನೇಕ ಊರುಗಳಲ್ಲಿ ಸಮಾಜಬಾಂಧವರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಆ ದಿನಗಳ ವಾದವಿವಾದಗಳನ್ನು ಈಗ ಸಮಾಧಾನದಿಂದ ನೆನೆದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿರೋಧಿಸಿದವರು ಅನ್ನಪಾನತ್ಯಾಗವೆಂಬ ಹೊರಗಿನ ಕ್ರಿಯೆಯೊಂದನ್ನೇ ಕಂಡರು. ಸಮರ್ಥಿಸಿದವರಲ್ಲಿ ಹಲವರು, ಇದು ಪುರಾತನವಾದುದು, ಶಾಸನಗಳಲ್ಲಿ ಉಂಟು, ಆದುದರಿಂದ ಪ್ರಶ್ನಿಸಬಾರದು ಎಂದರು. ಮೊದಲನೆಯವರು ಶಾಸ್ತ್ರವನ್ನು ಓದಲಿಲ್ಲ; ಎರಡನೆಯವರು ಪೂರ್ತಿಯಾಗಿ ಓದಲಿಲ್ಲ. ಇದಕ್ಕೆ ಅಪವಾದವಾಗಿ ನಿಲ್ಲುವುದು ನ್ಯಾಯಮೂರ್ತಿ ಟಿ. ಕೆ. ತುಕೋಳ ಅವರ ಕೆಲಸ. ಮೈಸೂರು ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿಯೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿಯೂ ಇದ್ದ ಅವರು ಸಲ್ಲೇಖನೆಯು ಆತ್ಮಹತ್ಯೆಯಲ್ಲವೆಂದು ಪ್ರತಿಪಾದಿಸುವ ಇಂಗ್ಲಿಷ್ ಗ್ರಂಥವನ್ನು ಬರೆದರು. ಅಹಮದಾಬಾದಿನ ಎಲ್. ಡಿ. ಭಾರತೀಯ ವಿದ್ಯಾಸಂಸ್ಥೆಯು ಅದನ್ನು 1976ರಲ್ಲಿ ಪ್ರಕಟಿಸಿತು. ಶಾಸ್ತ್ರದ ಲಕ್ಷಣವನ್ನೂ ಕಾನೂನಿನ ಲಕ್ಷಣವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿದ ಆ ಕ್ರಮವೇ ಇಂದಿಗೂ ಅನುಸರಣೀಯ.

ಶಾಸ್ತ್ರ ಯಾರೊಡನೆ ಮಾತನಾಡುತ್ತಿತ್ತು?

ಶ್ರಾವಕರಿಗೆ ಆಚಾರಗ್ರಂಥವಾಗಿ ಮನೆಮನೆಯಲ್ಲಿ ಪರಿಚಿತವಾಗಿರುವುದು ರತ್ನಕರಂಡಕ ಶ್ರಾವಕಾಚಾರ. ಪರಂಪರೆಯು ಅದನ್ನು ಸಮಂತಭದ್ರಾಚಾರ್ಯರ ಕೃತಿಯೆಂದು ಗೌರವಿಸುತ್ತದೆ. ನೂರೈವತ್ತು ಶ್ಲೋಕಗಳ ಈ ಚಿಕ್ಕ ಗ್ರಂಥದ ಕೊನೆಯ ಭಾಗದಲ್ಲಿ ಸಲ್ಲೇಖನೆಯ ಲಕ್ಷಣವಿದೆ. ಅದನ್ನು ಉದಾಹರಿಸುವವರು ಬಹುಮಂದಿ. ಆದರೆ ಅದೇ ಗ್ರಂಥದ ಮೊದಲ ಭಾಗದಲ್ಲಿ, ಸಮ್ಯಗ್ದರ್ಶನದ ಪ್ರಕರಣದಲ್ಲಿ, ಲೋಕಮೂಢತೆಯೆಂದರೇನೆಂಬುದನ್ನು ಆಚಾರ್ಯರು ಹೇಳಿರುವುದನ್ನು ಇದರೊಡನೆ ಇಟ್ಟು ಓದುವವರು ವಿರಳ. ಪುಣ್ಯವೆಂದು ನದಿ ಸಮುದ್ರಗಳಲ್ಲಿ ಮುಳುಗುವುದು, ಮರಳು ಕಲ್ಲುಗಳನ್ನು ಒಟ್ಟುವುದು ಇವುಗಳೊಡನೆ ಬೆಟ್ಟದಿಂದ ಧುಮುಕುವುದನ್ನೂ ಬೆಂಕಿಗೆ ಬೀಳುವುದನ್ನೂ ಅವರು ಮೂಢತೆಯ ಸಾಲಿಗೆ ಸೇರಿಸಿದ್ದಾರೆ.

ಇಲ್ಲಿದೆ ಕೀಲಿಕೈ. ಗಿರಿಪಾತ, ಅಗ್ನಿಪ್ರವೇಶ, ಜಲಪ್ರವೇಶಗಳು ಅಂದಿನ ಭಾರತದಲ್ಲಿ ಸ್ವರ್ಗಸಾಧನವೆಂದು ಅನೇಕರು ನಂಬಿ ಆಚರಿಸುತ್ತಿದ್ದ ಮರಣಗಳು. ಕನ್ನಡನಾಡಿನ ಕಲ್ಲುಗಳೇ ಆ ವಾತಾವರಣಕ್ಕೆ ಸಾಕ್ಷಿ. ಯುದ್ಧದಲ್ಲಿ ಮಡಿದವನಿಗೆ ದೇವಕನ್ಯೆಯರ ಸ್ವಾಗತವನ್ನು ತೋರಿಸುವ ವೀರಗಲ್ಲುಗಳು ಊರೂರಿನಲ್ಲಿ ನಿಂತಿವೆ. ಗಂಡನ ಮರಣದ ಬಳಿಕ ಅಗ್ನಿಯನ್ನು ಹೊಕ್ಕ ದೇಕಬ್ಬೆಯ ಕಥೆಯನ್ನು 1057ರ ಬೆಳತೂರಿನ ಶಾಸನ ಕರುಣಾಪೂರ್ಣವಾಗಿ ಹೇಳುತ್ತದೆ. ಒಡೆಯನೊಡನೆ ಪ್ರಾಣಕೊಡುವ ಕೀಳ್ಗುಂಟೆಯ ಪದ್ಧತಿಯಿತ್ತು. ಹೊಯ್ಸಳರ ಗರುಡರು ಜೋಳವಾಳಿಗೆ ತಲೆಯನ್ನೇ ಒಪ್ಪಿಸಿದರು. ಎರಡನೆಯ ಬಲ್ಲಾಳನ ಮರಣದೊಡನೆ ಪ್ರಾಣಾರ್ಪಣೆ ಮಾಡಿದ ಕುವರ ಲಕ್ಷ್ಮನ ಸ್ಮಾರಕಸ್ತಂಭ ಹಳೇಬೀಡಿನಲ್ಲಿ ಇಂದಿಗೂ ಇದೆ.

ಈ ಮರಣಗಳಿಗೆಲ್ಲ ಸಾಮಾನ್ಯವಾದ ಲಕ್ಷಣಗಳು ಕೆಲವಿವೆ. ಅವು ಒಂದು ಕ್ಷಣದ ಆವೇಶದಲ್ಲಿ ನಡೆಯುವಂಥವು, ಹಿಂದಿರುಗಲು ಎಡೆಯಿಲ್ಲದಂಥವು, ಸ್ವರ್ಗ, ಕೀರ್ತಿ, ಸ್ವಾಮಿಭಕ್ತಿ, ಪತಿವಿಯೋಗ ಇವುಗಳಲ್ಲಿ ಒಂದರ ರಾಗದಿಂದ ಪ್ರೇರಿತವಾದುವು. ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಲ್ಲೇಖನೆಯ ವಿಧಿಯನ್ನು ಓದಿದರೆ, ಅದು ಆ ಪದ್ಧತಿಗಳಿಗೆ ಮತ್ತೊಂದನ್ನು ಕೂಡಿಸಲು ಹೊರಟುದಲ್ಲ, ಅವುಗಳಿಗೆ ಉತ್ತರವಾಗಿ ನಿಂತುದು ಎಂಬುದು ಮನದಟ್ಟಾಗುತ್ತದೆ. ಅಲ್ಲಿ ಆವೇಶ, ಇಲ್ಲಿ ಕ್ರಮ. ಅಲ್ಲಿ ಹಠಾತ್ ಅಂತ್ಯ, ಇಲ್ಲಿ ಗುರುವಿನ ಕಣ್ಣೆದುರು ಮೆಟ್ಟಿಲುಮೆಟ್ಟಿಲಾಗಿ ನಡೆಯುವ ಸಾಧನೆ. ಅಲ್ಲಿ ಫಲದ ಬಯಕೆ, ಇಲ್ಲಿ ಆ ಬಯಕೆಯೇ ನಿದಾನವೆಂಬ ಹೆಸರಿನ ಅತಿಚಾರ. ಮರಣವನ್ನು ವೈಭವೀಕರಿಸುತ್ತಿದ್ದ ಸಮಾಜದಲ್ಲಿ ಮರಣದ ಬಯಕೆಯನ್ನೇ ದೋಷವೆಂದು ಸಾರಿದ ಶಾಸ್ತ್ರವಿದು. ಮರಣಾಶಂಸೆಯಂತೆಯೇ ಜೀವಿತಾಶಂಸೆಯೂ ಅತಿಚಾರವೆಂದದ್ದರಲ್ಲಿ ಆಚಾರ್ಯರ ಸಮಚಿತ್ತವಿದೆ.

ನಾಲ್ಕು ನಿಮಿತ್ತಗಳು

ಸಮಂತಭದ್ರರ ಲಕ್ಷಣದಲ್ಲಿ ಸಲ್ಲೇಖನೆಗೆ ನಾಲ್ಕು ನಿಮಿತ್ತಗಳಿವೆ: ಉಪಸರ್ಗ, ದುರ್ಭಿಕ್ಷ, ಜರೆ, ರುಜೆ. ಈ ನಾಲ್ಕಕ್ಕೂ ಒಂದೇ ವಿಶೇಷಣವನ್ನು ಅವರು ಹಚ್ಚಿದ್ದಾರೆ. ಅದು ನಿಃಪ್ರತೀಕಾರ, ಎಂದರೆ ಪರಿಹಾರವಿಲ್ಲದುದು. ಇಷ್ಟು ಒದಗಿದ ಮೇಲೂ ಶರೀರತ್ಯಾಗವು ಧರ್ಮಕ್ಕಾಗಿಯೇ ಆಗಬೇಕೆಂದು ಸೇರಿಸಿದ್ದಾರೆ.

ಈ ಪಟ್ಟಿಯಲ್ಲಿ ದುರ್ಭಿಕ್ಷವೇಕೆ ಬಂದಿತು? ಇಂದಿನ ಓದುಗನಿಗೆ ಇದು ವಿಚಿತ್ರವಾಗಿ ತೋರಬಹುದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರ ಅತಿ ಪ್ರಾಚೀನ ಶಾಸನವು ಇದಕ್ಕೆ ಉತ್ತರ ನೀಡುತ್ತದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡುದನ್ನೂ, ಸಂಘವು ದಕ್ಷಿಣಾಪಥಕ್ಕೆ ಹೊರಟುದನ್ನೂ, ಕಟವಪ್ರದಲ್ಲಿ ಪ್ರಭಾಚಂದ್ರರು ಸಮಾಧಿಯನ್ನು ಸಾಧಿಸಿದುದನ್ನೂ ಅದು ಹೇಳುತ್ತದೆ; ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅಲ್ಲಿ ಸಮಾಧಿ ಪಡೆದರೆಂದು ಸ್ಮರಿಸುತ್ತದೆ. ಮುನಿಯ ಆಹಾರ ಶ್ರಾವಕನ ಅಡಿಗೆಮನೆಯನ್ನು ಅವಲಂಬಿಸಿದುದು. ಬರಗಾಲದಲ್ಲಿ ಶ್ರಾವಕನ ಮಕ್ಕಳೇ ಹಸಿದಿರುವಾಗ ಮುನಿಗೆ ಎರಡೇ ದಾರಿ: ಎಲ್ಲಿಯಾದರೂ ಏನನ್ನಾದರೂ ಸ್ವೀಕರಿಸಿ ಮೂಲಗುಣಗಳನ್ನು ಕೆಡಿಸಿಕೊಳ್ಳುವುದು, ಇಲ್ಲವೆ ವ್ರತವನ್ನುಳಿಸಿಕೊಂಡು ಶರೀರವನ್ನು ಬಿಡುವುದು. ಇಲ್ಲಿಯೂ ಶಾಸನದ ಕ್ರಮವನ್ನು ಗಮನಿಸಬೇಕು. ಕ್ಷಾಮದ ಸೂಚನೆ ಸಿಕ್ಕೊಡನೆ ಸಂಘವು ಸಲ್ಲೇಖನೆಗೆ ತೊಡಗಲಿಲ್ಲ. ಸಮೃದ್ಧವಾದ ಜನಪದವನ್ನರಸಿ ನೂರಾರು ಯೋಜನ ನಡೆಯಿತು. ಪ್ರತೀಕಾರವಿರುವಾಗ ಪ್ರತೀಕಾರವೇ ಧರ್ಮ.

ರೋಗದ ವಿಷಯವೂ ಹೀಗೆಯೇ. ನಿಃಪ್ರತೀಕಾರವೆಂಬ ಶಬ್ದ ಸ್ಥಿರ. ಅದರೊಳಗೆ ಬರುವ ರೋಗಗಳ ಪಟ್ಟಿ ಸ್ಥಿರವಲ್ಲ. ಏಳನೆಯ ಶತಮಾನದಲ್ಲಿ ಕ್ಷಯರೋಗ ಬಂದವನಿಗೆ ಉಪಾಯವಿರಲಿಲ್ಲ, ಇಂದು ಔಷಧಿಯುಂಟು. ಆದುದರಿಂದ ಹಿಂದಿನವರು ಇಂಥ ರೋಗದಲ್ಲಿ ಸಲ್ಲೇಖನೆ ಪಡೆದರು, ನಾವೂ ಪಡೆಯಬಹುದು ಎಂಬ ವಾದ ಶಾಸ್ತ್ರದ ಅಕ್ಷರಕ್ಕೂ ನಿಲ್ಲುವುದಿಲ್ಲ, ಆಶಯಕ್ಕೂ ನಿಲ್ಲುವುದಿಲ್ಲ.

ಸ್ವಯಂ ಸಮಂತಭದ್ರರ ಬಗೆಗೆ ಪರಂಪರೆ ಹೇಳಿಕೊಂಡು ಬಂದ ವೃತ್ತಾಂತ ಇಲ್ಲಿ ಸ್ಮರಣೀಯ. ದೇವಚಂದ್ರನ ರಾಜಾವಳೀ ಕಥೆಯಲ್ಲಿಯೂ ಬರುವ ಈ ಐತಿಹ್ಯದಂತೆ, ಅವರಿಗೆ ಭಸ್ಮಕವ್ಯಾಧಿ ತಗುಲಿ, ಉಂಡುದೆಲ್ಲ ಭಸ್ಮವಾಗಿ ಶರೀರ ಬೇಯತೊಡಗಿತು. ಮುನಿಚರ್ಯೆಯ ಮಿತಾಹಾರದಲ್ಲಿ ಅದಕ್ಕೆ ಶಮನವಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಪ್ರಭಾವನೆ ಆಗಬೇಕಾದುದು ಬಹಳವಿದೆಯೆಂದು ತಿಳಿದು, ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟಾದರೂ ರೋಗವನ್ನು ಶಮನಗೊಳಿಸಿಕೊಳ್ಳುವಂತೆ ಆಜ್ಞಾಪಿಸಿದರು. ಗುಣಹೊಂದಿದ ಬಳಿಕ ಅವರು ಮತ್ತೆ ದೀಕ್ಷೆ ಪಡೆದರು. ಇತಿಹಾಸದ ದೃಷ್ಟಿಯಿಂದ ಈ ಕಥೆಯ ವಿವರಗಳನ್ನು ಹೇಗೆಯೇ ತೂಗಲಿ, ಪರಂಪರೆಯು ಇದನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದೆಯೆಂಬುದೇ ಮುಖ್ಯ. ಸಲ್ಲೇಖನೆಯ ಲಕ್ಷಣವನ್ನು ಬರೆದ ಆಚಾರ್ಯರಿಗೇ ಸಲ್ಲೇಖನೆ ನಿರಾಕೃತವಾಯಿತೆಂದು ನಂಬಿದ ಸಮಾಜ, ಆ ವ್ರತವನ್ನು ಕೇಳಿದವರಿಗೆಲ್ಲ ಸಲ್ಲುವ ಹಕ್ಕೆಂದು ತಿಳಿದಿರಲಿಲ್ಲ.

ಒಂದು ಕ್ರಿಯಾಪದದ ತೂಕ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಶ್ರಾವಕನ ವ್ರತಗಳನ್ನು ಹೇಳಿದ ಬಳಿಕ, ಮರಣಕಾಲದ ಸಲ್ಲೇಖನೆಯ ಸೂತ್ರ ಬರುತ್ತದೆ. ಅಲ್ಲಿ ಸೂತ್ರಕಾರರು ಬಳಸಿದ ಪದ ‘ಜೋಷಿತಾ’. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇಲ್ಲಿ ಒಂದು ಪ್ರಶ್ನೆಯೆತ್ತುತ್ತಾರೆ: ಅರ್ಥ ಸ್ಪಷ್ಟವಾಗುವಂತೆ ‘ಸೇವಿತಾ’ ಎನ್ನಬಹುದಾಗಿತ್ತಲ್ಲ? ಅವರ ಸಮಾಧಾನ ಮನನೀಯ. ಈ ಧಾತುವಿಗೆ ಸೇವನೆಯ ಜೊತೆಗೆ ಪ್ರೀತಿಯೆಂಬ ಅರ್ಥವೂ ಇದೆ. ಒಳಗಿನ ಪ್ರೀತಿಯಿಲ್ಲದಿರುವಾಗ ಬಲಾತ್ಕಾರದಿಂದ ಸಲ್ಲೇಖನೆಯನ್ನು ಮಾಡಿಸುವುದಿಲ್ಲ. ಪ್ರೀತಿಯಿದ್ದರೆ ತಾನೇ ಮಾಡಿಕೊಳ್ಳುತ್ತಾನೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಕನ್ನಡನಾಡಿನ ಆಚಾರ್ಯರೊಬ್ಬರು ಒಂದು ಶಬ್ದದ ಆಯ್ಕೆಯಿಂದ ಬಲವಂತದ ಬಾಗಿಲನ್ನು ಮುಚ್ಚಿದರು. ಸತಿಯಾಗಲಿ ಕೀಳ್ಗುಂಟೆಯಾಗಲಿ ಎಷ್ಟರ ಮಟ್ಟಿಗೆ ಸ್ವಂತ ಇಚ್ಛೆ, ಎಷ್ಟರ ಮಟ್ಟಿಗೆ ಸುತ್ತಲಿನವರ ಒತ್ತಡವೆಂದು ಹೇಳಲಾಗದ ಸಮಾಜದಲ್ಲಿ ಈ ಎಚ್ಚರಿಕೆಯ ಬೆಲೆ ದೊಡ್ಡದು.

ಮುಂದೆ ಅವರೇ ಆತ್ಮವಧೆಯ ಆಕ್ಷೇಪವನ್ನೂ ಎತ್ತಿಕೊಳ್ಳುತ್ತಾರೆ. ರಾಗ, ದ್ವೇಷ, ಮೋಹಗಳಿಂದ ಆವಿಷ್ಟನಾಗಿ ವಿಷ, ಶಸ್ತ್ರ ಮೊದಲಾದವುಗಳಿಂದ ತನ್ನನ್ನು ಕೊಂದುಕೊಳ್ಳುವವನಿಗೆ ಆತ್ಮಘಾತದ ದೋಷ. ಸಲ್ಲೇಖನೆಯಲ್ಲಿ ರಾಗಾದಿಗಳಿಲ್ಲವಾದುದರಿಂದ ಆ ದೋಷವಿಲ್ಲವೆಂಬುದು ಅವರ ನಿರ್ಣಯ. ಅವರು ಕೊಡುವ ವರ್ತಕನ ದೃಷ್ಟಾಂತ ಸುಪ್ರಸಿದ್ಧ. ಬಹುವಿಧ ಸರಕುಗಳನ್ನು ತುಂಬಿಟ್ಟ ವರ್ತಕನಿಗೆ ತನ್ನ ಮನೆ ನಾಶವಾಗುವುದು ಇಷ್ಟವಿಲ್ಲ. ಆಪತ್ತು ಬಂದರೆ ಶಕ್ತಿಯಿದ್ದಷ್ಟೂ ಅದನ್ನು ನಿವಾರಿಸುತ್ತಾನೆ. ಯಾವ ಯತ್ನದಿಂದಲೂ ನಿವಾರಣೆಯಾಗದಿದ್ದಾಗ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಶರೀರ ಮನೆ, ವ್ರತಶೀಲಗಳು ಸರಕು. ಈ ದೃಷ್ಟಾಂತವನ್ನು ಉದಾಹರಿಸುವಾಗ ಕೊನೆಯ ಭಾಗವನ್ನು ಮಾತ್ರ ಹೇಳುವುದು ವಾಡಿಕೆಯಾಗಿದೆ. ವರ್ತಕನು ಮೊದಲು ಮನೆಯನ್ನುಳಿಸಲು ಹೆಣಗುತ್ತಾನೆಂಬ ಮಾತು ಬಿಟ್ಟುಹೋದರೆ ದೃಷ್ಟಾಂತವೇ ತಲೆಕೆಳಗಾಗುತ್ತದೆ.

ಆರಾಧನೆಯ ಶಿಸ್ತು

ವಿಧಿಯ ವಿವರವನ್ನು ತಿಳಿಯಲು ಶಿವಾರ್ಯರ ಭಗವತೀ ಆರಾಧನೆಗೆ ಹೋಗಬೇಕು. ಎರಡು ಸಾವಿರಕ್ಕೂ ಹೆಚ್ಚು ಪ್ರಾಕೃತ ಗಾಥೆಗಳ ಆ ಗ್ರಂಥವು ಮರಣದ ಹದಿನೇಳು ಭೇದಗಳನ್ನು ಗುರುತಿಸಿ, ಅವುಗಳಲ್ಲಿ ಪಂಡಿತಮರಣವಾವುದು, ಬಾಲಮರಣವಾವುದು ಎಂದು ಬೇರ್ಪಡಿಸುತ್ತದೆ. ಭಕ್ತಪ್ರತ್ಯಾಖ್ಯಾನಕ್ಕೆ ಉತ್ಕೃಷ್ಟವಾಗಿ ಹನ್ನೆರಡು ವರ್ಷಗಳ ಅವಧಿ. ಕ್ಷಪಕನ ಸೇವೆಗೆ ನಲವತ್ತೆಂಟು ನಿರ್ಯಾಪಕರು. ಕೆಲವರು ಮೈ ಹಿಡಿದು ಎತ್ತಿ ಕೂರಿಸುವವರು, ಕೆಲವರು ಧರ್ಮಕಥೆ ಹೇಳುವವರು, ಕೆಲವರು ಆಹಾರಪಾನಗಳನ್ನು ನೋಡಿಕೊಳ್ಳುವವರು, ಕೆಲವರು ಬಾಗಿಲು ಕಾಯುವವರು, ಕೆಲವರು ಇರುಳು ಎಚ್ಚರವಿರುವವರು. ಅಷ್ಟು ಮಂದಿ ದೊರೆಯದಿದ್ದರೆ ಸಂಖ್ಯೆಯನ್ನು ಕಡಿಮೆ ಮಾಡಬಹುದು. ಆದರೆ ಒಬ್ಬನೇ ನಿರ್ಯಾಪಕನಿರುವುದು ಸಲ್ಲದು. ಕ್ಷಪಕನಿಗೆ ಆಹಾರದಲ್ಲಿ ಆಸೆ ಉಳಿದಿದೆಯೇ ಎಂಬುದನ್ನು ಆಹಾರವನ್ನು ತೋರಿಸಿಯೇ ಪರೀಕ್ಷಿಸಬೇಕು. ನೋವು ಕಂಡರೆ ಶಮನೋಪಾಯ ಮಾಡಬೇಕು. ಭಕ್ತಪ್ರತ್ಯಾಖ್ಯಾನದ ಈ ವಿಧಿಯಲ್ಲಿ ಸಾಯುವವನನ್ನು ಒಂಟಿಯಾಗಿ ಬಿಡುವ ಮಾತಿಲ್ಲ.

ಇದೇ ಪರಂಪರೆಯಿಂದ ಕನ್ನಡಕ್ಕೆ ವಡ್ಡಾರಾಧನೆ ಬಂದಿತು. ಅದರ ಹತ್ತೊಂಬತ್ತು ಕಥೆಗಳಲ್ಲಿ ಘೋರವಾದ ಉಪಸರ್ಗಗಳನ್ನು ಸಹಿಸಿದ ಮಹಾಪುರುಷರ ಚರಿತ್ರೆಯಿದೆ. ಶಾಲೆ ಕಾಲೇಜುಗಳಲ್ಲಿ ಇವನ್ನು ಓದುವವರಿಗೆ ಇಷ್ಟೊಂದು ನೋವಿನ ವರ್ಣನೆಯೇಕೆಂದು ಶಂಕೆ ಬರುವುದು ಸಹಜ. ಈ ಕಥೆಗಳ ಮೂಲಸ್ಥಾನವನ್ನು ನೆನೆದರೆ ಶಂಕೆ ಪರಿಹಾರವಾಗುತ್ತದೆ. ಇವು ಆರಾಧನೆಯ ಕವಚಪ್ರಕರಣಕ್ಕೆ ಸೇರಿದುವು. ಆಗಲೇ ವ್ರತದಲ್ಲಿದ್ದು ಹಸಿವು ನೋವುಗಳಿಂದ ಚಿತ್ತ ಕದಲುತ್ತಿರುವ ಕ್ಷಪಕನಿಗೆ, ನಿನಗಿಂತ ಹೆಚ್ಚಿನದನ್ನು ಸಹಿಸಿದವರಿದ್ದಾರೆ ಎಂದು ಧೈರ್ಯದ ಕವಚವನ್ನು ತೊಡಿಸಲು ಹೇಳುತ್ತಿದ್ದ ಕಥೆಗಳಿವು. ಆರೋಗ್ಯವಂತರನ್ನು ಮರಣಕ್ಕೆ ಆಹ್ವಾನಿಸುವುದಕ್ಕಲ್ಲ.

ಶಾಸ್ತ್ರ ಬೇರೆ, ಶಾಸನ ಬೇರೆ

ಚಂದ್ರಗಿರಿಯ ಶಾಸನಗಳು ನಮ್ಮ ಹೆಮ್ಮೆಯ ನಿಧಿ. 1889ರಲ್ಲಿ ಲೂಯಿ ರೈಸ್ ಅವರು, 1923ರಲ್ಲಿ ಆರ್. ನರಸಿಂಹಾಚಾರ್ಯರು, 1973ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಶ್ರವಣಬೆಳಗೊಳದ ಸಂಪುಟವನ್ನು ಉತ್ತರೋತ್ತರ ಪರಿಷ್ಕರಿಸಿ ಹೊರತಂದರು. ಷ. ಶೆಟ್ಟರ್ ಅವರು 1989 ಮತ್ತು 1990ರಲ್ಲಿ ಪ್ರಕಟಿಸಿದ ಎರಡು ಇಂಗ್ಲಿಷ್ ಗ್ರಂಥಗಳಲ್ಲಿ ಈ ಸಾಮಗ್ರಿಯನ್ನು ಶಾಸ್ತ್ರಗ್ರಂಥಗಳೊಡನೆ ಹೋಲಿಸಿ ವಿಮರ್ಶಿಸಿದರು. ಪ್ರಾಚೀನ ನಿಸಿಧಿಗಳು ಬಹುಮಟ್ಟಿಗೆ ಮುನಿಗಳವು, ಕಂತಿಯರವು. ರಾಜರೂ ಗೃಹಸ್ಥರೂ ಶ್ರಾವಕಿಯರೂ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅನಂತರದ ಶತಮಾನಗಳಲ್ಲಿ.

ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಆರಾಧನೆಯಿಂದ ಮುಡಿಪಿದುದನ್ನು ಕೂಗೆ ಬ್ರಹ್ಮದೇವಸ್ತಂಭದ ಶಾಸನ ಹೇಳುತ್ತದೆ. ರಾಷ್ಟ್ರಕೂಟರ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿ ಸಲ್ಲೇಖನೆ ಸ್ವೀಕರಿಸಿದನು. 1131ರಲ್ಲಿ ಶಿವಗಂಗೆಯಲ್ಲಿ ಮಹಾರಾಣಿ ಶಾಂತಲದೇವಿಯು ಮಡಿದ ಬಳಿಕ, ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಅನಶನದಿಂದ ಸಮಾಧಿಯನ್ನು ಸಾಧಿಸಿದಳು. ಇವುಗಳಲ್ಲಿ ರಾಜ್ಯ ಕಳೆದುಕೊಂಡ ಅರಸನ ನಿರ್ವೇದವೆಷ್ಟು, ಮಗಳನ್ನು ಕಳೆದುಕೊಂಡ ತಾಯಿಯ ಶೋಕವೆಷ್ಟು, ನಿರ್ಮಲವಾದ ವೈರಾಗ್ಯವೆಷ್ಟು ಎಂದು ಕಲ್ಲನ್ನು ಓದಿ ಹೇಳಲಾಗದು. ಶಾಸನವು ಬಂಧುಗಳೂ ಶಿಷ್ಯರೂ ಭಕ್ತಿಯಿಂದ ನಿಲ್ಲಿಸಿದ ಸ್ಮರಣೆ. ಅದು ನಡೆದುದನ್ನು ಹೊಗಳುತ್ತದೆ. ಶಾಸ್ತ್ರವು ನಡೆಯಬೇಕಾದುದನ್ನು ವಿಧಿಸುತ್ತದೆ. ಮೊದಲನೆಯದನ್ನು ಎರಡನೆಯದರ ಸ್ಥಾನದಲ್ಲಿಟ್ಟರೆ ಚರಿತ್ರೆಗೂ ಧರ್ಮಕ್ಕೂ ಅಪಚಾರ. ಆದರೂ ಒಂದು ಮಾತನ್ನು ಕಲ್ಲು ಖಚಿತವಾಗಿ ಹೇಳುತ್ತದೆ: ಮಾಚಿಕಬ್ಬೆಯ ಬಳಿ ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಎಂಬ ಗುರುಗಳಿದ್ದರು, ಸಂಘವಿತ್ತು. ಸಾಕ್ಷಿಗಳ ಹೆಸರನ್ನು ಕೆತ್ತಿಸಬೇಕೆಂಬ ಈ ಕಾಳಜಿಯೇ ಅಂದಿನವರ ಹೊಣೆಗಾರಿಕೆಗೆ ನಿದರ್ಶನ.

ಇಪ್ಪತ್ತನೆಯ ಶತಮಾನದ ಉದಾಹರಣೆಯೂ ಇದನ್ನೇ ಹೇಳುತ್ತದೆ. ಬೆಳಗಾವಿ ಸೀಮೆಯಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಮಾಧಿಸ್ಥರಾದರು. ಎಂಬತ್ತು ದಾಟಿದ ವಯಸ್ಸು. ಕಣ್ಣಿನ ಬೆಳಕು ಕುಂದಿ, ನೆಲವನ್ನು ನೋಡಿ ನಡೆಯುವ ಈರ್ಯಾಸಮಿತಿಯ ಪಾಲನೆ ಅಸಾಧ್ಯವಾಗುತ್ತಿತ್ತು. ಸಮಂತಭದ್ರರ ಲಕ್ಷಣದ ಜರೆ, ನಿಃಪ್ರತೀಕಾರ, ಧರ್ಮಾರ್ಥ ಎಂಬ ಮೂರು ಮಾತುಗಳೂ ಅಲ್ಲಿ ಕೂಡಿದ್ದುವು.

ಇಂದಿನ ಹೊಣೆ

2025ರಲ್ಲಿ ಉತ್ತರದ ನಗರವೊಂದರಲ್ಲಿ ಕಠಿನ ರೋಗಕ್ಕೆ ತುತ್ತಾದ ಎಳೆಯ ಮಗುವಿಗೆ ಈ ವ್ರತವನ್ನು ಕೊಡಿಸಿದ ಸುದ್ದಿ ಪ್ರಕಟವಾದಾಗ ಸಮಾಜದ ಒಳಗೇ ತಳಮಳವುಂಟಾಯಿತು. ನೊಂದ ತಂದೆತಾಯಿಗಳನ್ನು ದೂಷಿಸುವುದು ಸುಲಭ; ಅದು ಧರ್ಮವಲ್ಲ. ಆದರೆ ಶಾಸ್ತ್ರ ಏನೆನ್ನುತ್ತದೆಂಬುದನ್ನು ಹೇಳಬೇಕಾದವರು ಮೌನವಾಗಿರುವುದೂ ಧರ್ಮವಲ್ಲ. ಎಂಟು ವರ್ಷ ತುಂಬುವ ಮುನ್ನ ಮನುಷ್ಯನಲ್ಲಿ ಸಂಯಮಗ್ರಹಣದ ಯೋಗ್ಯತೆಯಿಲ್ಲವೆಂಬುದು ಸಿದ್ಧಾಂತದ ಮಾತು. ವ್ರತವನ್ನು ಅರಿಯದ ಕೂಸಿಗೆ ಪೂಜ್ಯಪಾದರು ಹೇಳಿದ ಪ್ರೀತಿ ಎಲ್ಲಿಂದ ಬಂದೀತು? ಅಂಥ ಮಗುವಿಗೆ ಸಲ್ಲುವುದು ಚಿಕಿತ್ಸೆ, ತಾಯಿಯ ಮಡಿಲು ಮತ್ತು ಕಿವಿಯಲ್ಲಿ ಪಂಚನಮಸ್ಕಾರ. ಇವಿಷ್ಟೂ ವ್ರತದ ಹೆಸರಿಲ್ಲದೆಯೇ ಪುಣ್ಯಕರ.

ವೃದ್ಧರ ವಿಷಯದಲ್ಲಿಯೂ ಮನೆಮಂದಿ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಆಚಾರ್ಯರು ಮೊದಲೇ ಬರೆದಿಟ್ಟಿದ್ದಾರೆ. ಪ್ರತೀಕಾರ ನಿಜವಾಗಿಯೂ ಮುಗಿದಿದೆಯೇ? ವೈದ್ಯರ ಮಾತನ್ನು ಕೇಳಿದ್ದಾಗಿದೆಯೇ? ಕೇಳುತ್ತಿರುವುದು ವೈರಾಗ್ಯವೋ, ಮನೆಯವರಿಗೆ ಭಾರವಾದೆನೆಂಬ ನೋವೋ? ನೋವಿನಿಂದ ಬಂದ ಬೇಡಿಕೆಗೆ ಉತ್ತರ ವ್ರತವಲ್ಲ, ಆರೈಕೆ. ಯೋಗ್ಯ ಗುರುಗಳು ಪರೀಕ್ಷಿಸಿದ್ದಾರೆಯೇ? ಬಂಧುಗಳೊಡನೆ ಕ್ಷಮೆಯ ಮಾತು ಮುಗಿದಿದೆಯೇ? ಘನಾಹಾರದಿಂದ ಸ್ನಿಗ್ಧಪಾನಕ್ಕೆ, ಅಲ್ಲಿಂದ ಖರಪಾನಕ್ಕೆ, ಅನಂತರ ಉಪವಾಸಕ್ಕೆ ಎಂದು ರತ್ನಕರಂಡಕ ಹೇಳುವ ಕ್ರಮವು ಮನಸ್ಸು ಬದಲಿಸಿಕೊಳ್ಳಲು ಎಡೆಗೊಡುವ ಕ್ರಮವೂ ಹೌದು. ಬಸದಿಗಳ ಆಡಳಿತ ಮಂಡಳಿಗಳು ಇಂಥ ಸಂದರ್ಭದಲ್ಲಿ ಜನಜಂಗುಳಿಯನ್ನೂ ಪ್ರಚಾರವನ್ನೂ ದೂರವಿಟ್ಟು, ಸೇವೆಗೆ ನಿಲ್ಲುವ ನಾಲ್ಕು ಜನರನ್ನು ಒದಗಿಸಿದರೆ, ಅದು ನಲವತ್ತೆಂಟು ನಿರ್ಯಾಪಕರ ಪರಂಪರೆಗೆ ಸಲ್ಲಿಸುವ ಗೌರವ. ಕೀರ್ತಿಯ ಆಸೆ ಕ್ಷಪಕನಿಗೆ ದೋಷವಾದರೆ ಸುತ್ತಲಿನವರಿಗೆ ಗುಣವಾಗಲಾರದು.

ಸಲ್ಲೇಖನೆಯೆಂದರೆ ಚೆನ್ನಾಗಿ ತೆಳುಗೊಳಿಸುವುದು. ಹೊರಗೆ ಕಾಯವನ್ನು, ಒಳಗೆ ಕಷಾಯಗಳನ್ನು. ಕ್ರೋಧ, ಮಾನ, ಮಾಯೆ, ಲೋಭಗಳು ದಪ್ಪವಾಗಿಯೇ ಉಳಿದು ಶರೀರವೊಂದೇ ತೆಳುವಾದರೆ ಅದಕ್ಕೆ ಆ ಹೆಸರು ಸಲ್ಲದು. ಒಳಗಿನ ಈ ಕೆಲಸಕ್ಕೆ ಮರಣಕಾಲದವರೆಗೆ ಕಾಯಬೇಕಾಗಿಯೂ ಇಲ್ಲ. ಅದಕ್ಕೆ ಯಾವ ನ್ಯಾಯಾಲಯದ ತಡೆಯೂ ಇಲ್ಲ. ಆಚಾರ್ಯರು ಸಲ್ಲೇಖನೆಯನ್ನು ಹನ್ನೆರಡು ವ್ರತಗಳ ಬಳಿಕ ಇಟ್ಟಿದ್ದಾರೆ. ಆ ಹನ್ನೆರಡನ್ನು ಬದುಕಿರುವಾಗ ಪಾಲಿಸಿದವನಿಗೆ ಮಾತ್ರ ಕೊನೆಯದು ಅರ್ಥಪೂರ್ಣವಾಗುತ್ತದೆಂಬುದೇ ಆ ಕ್ರಮದ ಇಂಗಿತ.